ಮೈಲಾರಪ್ಪನ ಡಬ್ಬಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕಕ್ಕೆ ತಕ್ಕಡಿಯಿತ್ತು, ಬಣ್ಣಕ್ಕೆ ಎಲ್ಲರಿಗೂ ಕಣ್ಣಿತ್ತು, ಕಾಯಿ ಒಣಗಿದೆಯೋ ಇಲ್ಲವೋ ಹೇಳುವುದಕ್ಕೆ ಮಾತ್ರ ಮೈಲಾರಪ್ಪನೇ ಬೇಕಿತ್ತು. ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗಿನ ಬೀಜ ಗಿಲಗಿಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ. ಅವನು ತಲೆ ಆಡಿಸಿದ ಮೇಲೆ ಎಂಥ ದಲಾಲನೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಇಂಥ ಕಿವಿಯ ಮನುಷ್ಯನಿಗೆ ಹೆಂಡತಿಯ ಕೂಗು ಕೇಳಲಿಲ್ಲ ಎಂದರೆ ಯಾರು ನಂಬುತ್ತಾರೆ? ಉಚ್ಚಂಗೆವ್ವ ನಂಬಲಿಲ್ಲ. ಮೂವತ್ತೊಂಬತ್ತು ವರ್ಷದ ಹಿಂದೆ, ಹೋಳಿಹುಣ್ಣಿಮೆಯ ಮಾರನೇ ದಿನ ಮಧ್ಯಾಹ್ನ, ಎರಡು ವರ್ಷದ ಮಗ ಜ್ವರ ಏರಿ ಅವಳ ತೊಡೆಯ ಮೇಲೆ ಸೆಟೆದುಕೊಂಡಿದ್ದ. ಅಡುಗೆಮನೆಯಿಂದಲೇ ಗಂಟಲು ಹರಿಯುವಂತೆ ಕೂಗಿದಳು. ಹಿತ್ತಲಲ್ಲಿ ಬೆನ್ನು ತಿರುಗಿಸಿ ಕೂತು ಕಾಯಿ ಹರವುತ್ತಿದ್ದ ಮೈಲಾರಪ್ಪ ತಿರುಗಿಯೂ ನೋಡಲಿಲ್ಲ. ಕೂಸನ್ನು ಎತ್ತಿಕೊಂಡು ಓಡಿಹೋಗಿ ಅವನ ಭುಜ ಜಗ್ಗುವಷ್ಟರಲ್ಲಿ ಅದರ ಕಣ್ಣು ಮೇಲಾಗಿತ್ತು. ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು.

"ಯಾಕ ಬರಲಿಲ್ಲ?" ಎಂದು ಕೇಳಿದಾಗ ಅವನು ನೆಲ ನೋಡಿದ. ಒಂದಕ್ಷರ ಆಡಲಿಲ್ಲ. ಕಾಯಿಗೆ ಕೊಟ್ಟ ಕಿವಿಯನ್ನು ಕೂಸಿಗೆ ಕೊಡಲಿಲ್ಲ ಎಂದು ಅವಳು ಅಂದೇ ತೀರ್ಮಾನ ಮಾಡಿಬಿಟ್ಟಳು. ಆಮೇಲೆ ಸಂಸಾರವೇನೋ ನಡೆಯಿತು. ರೊಟ್ಟಿ ಬಡಿದಳು, ಮರುವರ್ಷ ಮಗಳು ನಾಗಲಕ್ಷ್ಮಿಯನ್ನು ಹೆತ್ತಳು. ಆದರೆ ಗಂಡನ ಜೊತೆ ಬೇಕಾದಷ್ಟೇ ಮಾತು. ಅವನಾದರೂ ಎಂಥವನು! ಎದುರಿಗೆ ನಿಂತು ಕೇಳಿದರೆ ಉತ್ತರ ಕೊಡುತ್ತಿದ್ದ, ಮಗಳು ಬೆಳೆದ ಮೇಲಂತೂ ಹಿಂದಿನಿಂದ ಕರೆದರೆ ಕಲ್ಲಿನ ಹಾಗೆ ಕೂತಿರುತ್ತಿದ್ದ. ಸೊಕ್ಕಲ್ಲದೆ ಮತ್ತೇನು ಎಂದುಕೊಂಡಳು.

ಮೈಲಾರಪ್ಪ ತೀರಿಕೊಂಡು ವರ್ಷವಾದ ಮೇಲೆ ನಾಗಲಕ್ಷ್ಮಿ ಅವನ ಟ್ರಂಕು ಬಿಚ್ಚಿದಳು. ತಳದಲ್ಲಿ ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಡಬ್ಬಿಯೊಂದಿತ್ತು. ಬೀಡಿ ಕಟ್ಟಿಗಿಂತ ತುಸು ದೊಡ್ಡದು, ತಗಡಿನದು. ಮುಂದೆ ಸಣ್ಣ ಜಾಲರಿ, ಪಕ್ಕದಲ್ಲಿ ಬೆರಳಿನಿಂದ ತಿರುವುವ ಚಕ್ರ, ಬೆನ್ನಿಗೆ ಕ್ಲಿಪ್ಪು, ತಲೆಯ ಮೇಲೆ ಎರಡು ತೂತು. ತಂತಿಯಿಲ್ಲ, ಹೆಸರಿಲ್ಲ. ಓಣಿಯ ವೈರಿಂಗ್ ಕೆಲಸದ ಶಾಬುದ್ದೀನ ಅದನ್ನು ಹಿಂದೆ ಮುಂದೆ ತಿರುವಿ, "ಕರೆಂಟಿನ ಸಾಮಾನಂತೂ ಖರೇ. ರೇಡಿಯೋ ಅನ್ನಾಕ ಸ್ಟೇಷನ್ ತೋರಸೂ ಮುಳ್ಳಿಲ್ಲ" ಎಂದು ಕೈಬಿಟ್ಟ.

ಮುಳ್ಳಿಲ್ಲದಿದ್ದರೇನು, ಪೇಟೆಯ ಹಿರಿಯ ಹಮಾಲ ಗುಡ್ಡಪ್ಪ ಒಂದೇ ನೋಟಕ್ಕೆ ಪತ್ತೆ ಹಚ್ಚಿದ.

"ಎರಡು ತೂತು ಯಾಕದಾವ ಹೇಳ್ರಿ? ಎರಡು ಸೂಜಿ ಸಿಗಸಾಕ. ಕಾಯಿಗೆ ಚುಚ್ಚಿದ್ರ ತೇವ ಎಷ್ಟೈತಿ ತಿಳೀತೈತಿ. ಈಗ ದಲಾಲರ ಕೈಯಾಗ ತೇವದ ಮಿಷನ್ ಇರತಾವಲ್ಲ, ಅವುಗಳ ಮುತ್ತ್ಯಾ ಇದು! ಎಲಾ ಮೈಲಾರಪ್ಪಾ, ಕಿವಿ ಕಿವಿ ಅಂತ ನಮಗೆಲ್ಲ ಟೋಪಿ ಹಾಕಿದ್ಯಲ್ಲೋ!"

ಸಂಜೆಯೊಳಗೆ ಇಡೀ ಪೇಟೆ ನಕ್ಕಿತು. ಜೀವನವಿಡೀ ಗಂಡನನ್ನು ಬೈದುಕೊಂಡಿದ್ದ ಉಚ್ಚಂಗೆವ್ವನಿಗೆ ಮಂದಿ ನಗುವುದನ್ನು ಸಹಿಸಲಾಗಲಿಲ್ಲ. ಕಲ್ಲೆದೆಯವನು ಎಂಬುದು ಅವಳಿಗೆ ಗೊತ್ತಿತ್ತು, ಮೋಸಗಾರನೂ ಆಗಿದ್ದನೇ ಎಂಬುದು ಈಗ ಗೊತ್ತಾಗಬೇಕಿತ್ತು. ನಾಗಲಕ್ಷ್ಮಿ ಹಿಂದಿನ ಮುಚ್ಚಳ ಬಿಚ್ಚಿದಳು. ಒಳಗೆ ಶಾಯಿಯಲ್ಲಿ ಬರೆದಿತ್ತು: ಇಸ್ಮಾಯಿಲ, ರಾಣೆಬೆನ್ನೂರು, ೨೦-೩-೮೫.

ತಾರೀಖು ಕೇಳಿ ಉಚ್ಚಂಗೆವ್ವ ಬೆರಳು ಮಡಚಿ ಎಣಿಸಿದಳು. ಕೂಸಿಗೆ ಮಣ್ಣು ಕೊಟ್ಟು ಹನ್ನೆರಡು ದಿನ. ಅಂದು ಬೆಳಿಗ್ಗೆ ಮೈಲಾರಪ್ಪ ಏನೂ ಹೇಳದೆ ಊರು ಬಿಟ್ಟು ಹೋಗಿದ್ದ. ಗೋರಿಯ ಮಣ್ಣು ಆರುವ ಮೊದಲೇ ವ್ಯಾಪಾರಕ್ಕೆ ಹೋದನೆಂದು ಅವಳು ಹೊಸ್ತಿಲಲ್ಲಿ ನಿಂತು ಶಾಪ ಹಾಕಿದ್ದಳು.

ಮರುದಿನ ತಾಯಿ ಮಗಳು ರಾಣೆಬೆನ್ನೂರಿನ ಬಸ್ಸು ಹತ್ತಿದರು. ಬಸ್‌ಸ್ಟ್ಯಾಂಡಿನ ಹಿಂದೆ ಇಸ್ಮಾಯಿಲಸಾಬನ ರೇಡಿಯೋ ರಿಪೇರಿ ಅಂಗಡಿ ಇನ್ನೂ ಇತ್ತು. ಮುದುಕ ಕನ್ನಡಕ ಏರಿಸಿ ಮುಚ್ಚಳ ನೋಡಿದ.

"ನನ್ನ ಅಕ್ಷರ. ಬಿಚ್ಚಿದ ಮಿಷನ್ನಿನಾಗ ತಾರೀಖು ಬರೀದ ನಾ ಯಾರಿಗೂ ಕೊಟ್ಟಿಲ್ಲ. ಮೈಲಾರಪ್ಪನವರ ಮನಿಯವರೇನ್ರಿ?"

"ಹೌದ್ರಿ. ಇದು ಏನು ಹೇಳ್ರಿ ಮೊದಲ" ಎಂದಳು ಉಚ್ಚಂಗೆವ್ವ.

"ಕಿವಿ ಮಿಷನ್ ಅಕ್ಕಾ. ಕಿವಿ ಕೇಳದವರಿಗೆ. ಈ ತೂತಿನಿಂದ ವೈರು ಹೋಗಿ ಕಿವ್ಯಾಗ ಗುಂಡಿ ಕುಂದ್ರತಿತ್ತು. ಹುಬ್ಬಳ್ಳ್ಯಾಗ ಯಾರದೋ ಹಳೇದು ಹಿಡಕೊಂಡು ಬಂದಿದ್ರು, ನಾ ರಿಪೇರಿ ಮಾಡಿಕೊಟ್ಟೆ."

ಉಚ್ಚಂಗೆವ್ವ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಇಸ್ಮಾಯಿಲಸಾಬ ಹೇಳುತ್ತಲೇ ಹೋದ.

"ಇಪ್ಪತ್ತೈದು ದಾಟೂದರಾಗ ಕಿವಿ ಮಂದ ಆಗಿತ್ತಂತ. ಪೇಟ್ಯಾಗ ಗೊತ್ತಾದ್ರ ಅನ್ನ ಹೋಗತೈತಿ ಸಾಬ ಅಂತ ನನ್ನ ಬಾಯಿಗೆ ಬೀಗ ಹಾಕಿಸಿದ್ರು. ಮತ್ತ ಕಾಯಿ ಹೆಂಗ ನೋಡ್ತೀರಿ ಅಂದೆ. ಬೀಜ ಅಲ್ಲಾಡೂದು ಬೆರಳಿಗೆ ತಿಳೀತೈತಿ, ಕಿವಿಗೆ ಹಿಡಿಯೂದು ಮಂದಿಗೆ ತೋರಸಾಕ ಅಂದ್ರು. ಮಿಷನ್ ಬೇಕಾಗಿದ್ದು ಪೇಟಿಗಲ್ಲ ಅಕ್ಕಾ, ಮನಿಗೆ. ತಲಿಗೆ ಟವೆಲ್ಲು ಸುತ್ತಿ ವೈರು ಮುಚ್ಚಕೊಂತಿದ್ರು. ಆವತ್ತು ನನ್ನ ರಸ್ತೆದಾಗ ನಿಲ್ಲಿಸಿ, ತಾವು ಬೆನ್ನು ತಿರುಗಿಸಿ ಕುಂತು, ಕೂಗ್ರಿ ಅಂದ್ರು. ಅಡಿಗಿಮನಿಯಿಂದ ಹಿತ್ತಲಕ್ಕ ಇಪ್ಪತ್ತೆಂಟು ಹೆಜ್ಜಿ ಐತಿ, ಅಷ್ಟ ದೂರ ಹೋಗಿ ಕೂಗ್ರಿ ಅಂದ್ರು. ಕೂಗಿದೆ. ಕೇಳಿತು. ಮುಖ ಮುಚ್ಚಕೊಂಡು ಅತ್ತುಬಿಟ್ರು. ಯಾಕಂತ ನಾ ಕೇಳಲಿಲ್ಲ."

"ನನಗ್ಯಾಕ ಹೇಳಲಿಲ್ಲ?" ಎಂದಳು ಉಚ್ಚಂಗೆವ್ವ.

"ಮನ್ಯಾಗರೆ ಹೇಳ್ರಿ ಅಂತ ನಾನೂ ಅಂದಿದ್ದೆ. ಈಗ ಹೇಳಿದ್ರ ನೆವ ಹೇಳಿದಂಗ ಆಗತೈತಿ ಅಂದ್ರು."

ನಾಗಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ತೊಟ್ಟಿಲದಾಗ ಕುಂಯ್ ಅಂದ್ರ ಸಾಕು, ಅಪ್ಪ ಓಡಿ ಬರ್ತಿದ್ದ ಅಂತ ನೀನ ಹೇಳ್ತಿದ್ದೆಲ್ಲಬೇ ಯವ್ವಾ."

ಹೇಳುತ್ತಿದ್ದಳು, ಹೌದು. ಅದನ್ನೂ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದಳು. ಮಗಳಿಗೆ ಓಡಿ ಬರುವವನು ಮಗನಿಗೆ ಯಾಕೆ ಬರಲಿಲ್ಲ ಎಂದು ಮತ್ತಷ್ಟು ಕುದಿದಿದ್ದಳು.

"ಏಳೆಂಟು ವರ್ಷ ತಿಂಗಳ ತಿಂಗಳಾ ಬಂದು ಸೆಲ್ಲು ಹಾಕಿಸಿಕೊಂಡು ಹೋದ್ರು" ಎಂದ ಇಸ್ಮಾಯಿಲಸಾಬ. "ಆಮ್ಯಾಲೆ ಕೆಟ್ಟಿತು, ಒಳಗಿನ ಸಾಮಾನು ಸಿಗಲಿಲ್ಲ. ಹೊಸಾದು ತಗೋರಿ ಅಂದೆ. ಮಗಳು ಸಾಲಿಗೆ ಹೋಗೂವಷ್ಟು ದೊಡ್ಡಾಕಿ ಆಗ್ಯಾಳ, ಇನ್ನ ಮನ್ಯಾಗ ನನ್ನ ಯಾರು ಕರೀತಾರ ಅಂದ್ರು."

ಹೊರಗೆ ಹಲಗೇರಿಯ ಬಸ್ಸಿನ ಕಂಡಕ್ಟರ್ ಕೂಗಿ ಕೂಗಿ ಮಂದಿಯನ್ನು ಹತ್ತಿಸಿಕೊಳ್ಳುತ್ತಿದ್ದ. ಉಚ್ಚಂಗೆವ್ವ ಡಬ್ಬಿಯನ್ನು ಇಸ್ಮಾಯಿಲಸಾಬನ ಮುಂದೆ ಇಟ್ಟಳು.

"ಸಾಬ್ರ, ಇದಿಲ್ಲದ, ಹಿಂದ ಕುಂತು ಸಣ್ಣ ದನಿಲೆ ಏನರ ಹೇಳಿದ್ರ ಅವರಿಗೆ ಕೇಳತಿತ್ತೇನ್ರಿ?"

"ಬಾಯಿ ನೋಡಿ ತಿಳಕೊಂತಿದ್ರು ಅಕ್ಕಾ. ಹಿಂದಿನಿಂದ ಅಂದ್ರ... ಇಲ್ಲ. ಏನೂ ಕೇಳತಿರಲಿಲ್ಲ."

ಮೈಲಾರಪ್ಪನ ಕೊನೆಯ ದಿನ ದವಾಖಾನೆಯಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಗಳು ಔಷಧಿ ತರಲು ಹೋಗಿದ್ದಳು. ಉಚ್ಚಂಗೆವ್ವ ಅವನ ಬೆನ್ನ ಹಿಂದೆ ಸ್ಟೂಲು ಎಳೆದುಕೊಂಡು ಕೂತು, ಅಷ್ಟು ವರ್ಷಗಳಲ್ಲಿ ಮೊದಲ ಸಲ ಮೆತ್ತಗೆ ಮಾತಾಡಿದ್ದಳು. ನಾನು ಎಲ್ಲ ಬಿಟ್ಟಿದ್ದೇನೆ, ಆ ಮಾತು ಇನ್ನು ಎತ್ತುವುದಿಲ್ಲ, ಒಮ್ಮೆ ಈ ಕಡೆ ತಿರುಗಿರಿ ಎಂದು ಬೇಡಿಕೊಂಡಿದ್ದಳು. ಅವನು ತಿರುಗಲಿಲ್ಲ. ಸಾಯುವಾಗಲೂ ಇಷ್ಟು ಸೊಕ್ಕೇ ಎಂದು ಸಿಟ್ಟಿನಿಂದ ಎದ್ದು ಮನೆಗೆ ಬಂದಿದ್ದಳು, ಮರುದಿನ ಹೆಣ ಬಂದಿತ್ತು.

"ಕೇಳಿಲ್ಲ ನಾಗೀ" ಎಂದು ಉಚ್ಚಂಗೆವ್ವ ಮಗಳ ಕೈ ಹಿಡಿದುಕೊಂಡು ಅತ್ತಳು. "ಅದೂ ಅವರಿಗೆ ಕೇಳಿಲ್ಲ."