ಒಂದು ಸೌಟು ಚೊಗರು

ಜಗಳೂರಿನ ದುರ್ಗಾಂಬಿಕಾಗೆ ಸಿಟ್ಟು ಬರುವುದು ಅಪರೂಪ. ಆವತ್ತು ಬಂದಿತ್ತು. ಪ್ರಯೋಗಾಲಯದಲ್ಲಿ ಅವಳ ಪಿಎಚ್‌ಡಿ ಗೈಡ್ ವಿನಯ್ ಕುಮಾರ್ ಪರದೆ ತೋರಿಸಿ, "ಲೇಬಲ್ ಅದಲು ಬದಲು ಮಾಡಿದ್ದೀಯಮ್ಮ. ಹೀಗಾದರೆ ಒಂದು ವರ್ಷದ ಅಳತೆಗಳನ್ನು ಹೇಗೆ ನಂಬಲಿ?" ಎಂದಿದ್ದರು.

ಅಳತೆ ಅಡಿಕೆಯದು. ಬೇಯಿಸುವಾಗ ಅಡಿಕೆಗೆ ಕೆಂಪು ಬಣ್ಣ ಕೊಡುವ ಚೊಗರಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳಿರುವ ಅಣುಗಳು ಎಷ್ಟಿವೆ ಎಂಬುದು ಅವಳ ಪ್ರಶ್ನೆ. ಯಂತ್ರದ ಕಾಂತಗಳ ನಡುವೆ ಅಡಿಕೆಯ ಪುಡಿಯಿಟ್ಟು ಮೈಕ್ರೋವೇವ್ ಹಾಯಿಸಿದರೆ ಜೋಡಿಯಾದ ಎಲೆಕ್ಟ್ರಾನುಗಳು ತುಟಿಪಿಟಕ್ಕೆನ್ನುವುದಿಲ್ಲ. ಒಂಟಿಯಾದವು ಮಾತ್ರ ಓಗೊಡುತ್ತವೆ, ಪರದೆಯ ಗೆರೆ ಏರಿ ಇಳಿಯುತ್ತದೆ. ಹೋಲಿಕೆಗೆಂದು ಚೊಗರಿಲ್ಲದೆ ಬರೀ ನೀರಲ್ಲಿ ಬೇಯಿಸಿದ ಅಡಿಕೆಯನ್ನೂ ತರಿಸಿದ್ದಳು. ಅದರ ಗೆರೆ ಸಣ್ಣಗೆ ಅಲುಗಬೇಕಿತ್ತು. ಎದ್ದು ಕುಣಿಯಿತು.

ಮೂರು ಸಲ ಅಳೆದರೂ ಅದೇ ಕುಣಿತ. ಲೇಬಲ್ ಅಂಟಿಸಿದ್ದು ಅವಳೇ, ಎರಡೆರಡು ಸಲ ನೋಡಿಕೊಂಡು. ಮರುದಿನ ಬೆಳಿಗ್ಗೆ ಚನ್ನಗಿರಿ ಬಸ್ಸು ಹತ್ತಿದಳು.

ಎರಡೂ ಬಗೆಯ ಅಡಿಕೆ ಕೊಟ್ಟವರು ಅಲ್ಲಿನ ಅನ್ನಪೂರ್ಣಮ್ಮ. ಮೂವತ್ತು ವರ್ಷದಿಂದ ಅಡಿಕೆ ಬೇಯಿಸಿದ ಕೈ. ಬಣ್ಣದ ವಿಷಯದಲ್ಲಿ ಅಡಿಕೆ ಮಂಡಿಯಲ್ಲೆಲ್ಲ ಅವರ ಮನೆಯದೇ ಮಾತು.

"ಅಮ್ಮಾರೆ, ಚೊಗರು ಒಂಚೂರೂ ಹಾಕ್ಲಿಲ್ಲ ತಾನೆ?"

ಅನ್ನಪೂರ್ಣಮ್ಮ ಒಲೆಯ ಕಡೆ ತಿರುಗಿದರು. "ಕಾಫಿ ಕುಡೀತೀಯೇನವ್ವ?"

"ನನ್ ಒಂದ್ ವರ್ಷದ ಕೆಲಸ ಇದ್ರ ಮ್ಯಾಲೆ ನಿಂತೈತ್ರೀ."

ಅವರ ಮುಖ ಸಪ್ಪಗಾಯಿತು. "ಒಂದೇ ಒಂದು ಸೌಟು ಹಾಕಿದೆ ಕಣವ್ವ. ಬಿಳಚಿಕೊಂಡಿರೋ ಅಡಿಕೇನ ನಮ್ಮನೆಯಿಂದ ಹೆಂಗೆ ಕಳಸಾಕಾಗ್ತೈತೆ? ಯಾರಿಗೂ ಗೊತ್ತಾಗಲ್ಲ ಅಂದ್ಕಂಡೆ."

"ಯಂತ್ರಕ್ಕೆ ಗೊತ್ತಾತು!"

ದುರ್ಗಾಂಬಿಕಾಗೆ ಸಿಟ್ಟೆಲ್ಲ ಇಳಿದು ನಗು ಉಕ್ಕಿತು. ತಪ್ಪು ತನ್ನದಲ್ಲ, ಯಂತ್ರದ್ದೂ ಅಲ್ಲ. ಆ ಖುಷಿಗೆ ಎರಡು ಲೋಟ ಕಾಫಿ ಕುಡಿದಳು. ಅನ್ನಪೂರ್ಣಮ್ಮ ಅವಳ ಕಣ್ಣೆದುರೇ ಹಂಡೆ ತಿಕ್ಕಿ ತೊಳೆದು, ಬರೀ ನೀರು ತುಂಬಿ, ಇನ್ನೊಮ್ಮೆ ಬೇಯಿಸಿದರು. ಬೇಯುವಷ್ಟು ಹೊತ್ತೂ ಬೀದಿ ಬಾಗಿಲು ಹಾಕಿಯೇ ಇತ್ತು.

"ಈ ಬಿಳೇದಕ್ಕೆ ನಮ್ಮನೆ ಹೆಸರು ಮಾತ್ರ ಬರೀಬ್ಯಾಡ ತಾಯಿ," ಎಂದು ಕೈ ಹಿಡಿದುಕೊಂಡರು. ಅವಳು ಮಾತು ಕೊಟ್ಟಳು.

ಅಡಿಕೆಯನ್ನು ಪ್ರಯೋಗಾಲಯದಲ್ಲೇ ಒಣಗಿಸಿ, ವಾರದ ಮೇಲೆ ಅಳೆದರೆ ಗೆರೆ ಸಣ್ಣಗೆ ಅಲುಗಿ ಸುಮ್ಮನಾಯಿತು. ವಿಷಯ ತಿಳಿದ ವಿನಯ್ ಕುಮಾರ್ ಕನ್ನಡಕ ಸರಿಮಾಡಿಕೊಂಡು ಮತ್ತೆ ಮತ್ತೆ ನೋಡಿದರು.

"ನಾನೇ ದುಡುಕಿದೆ ಕಣಮ್ಮ. ಒಂದು ಸೌಟನ್ನೂ ಹಿಡಿದಿದ್ದೀಯಲ್ಲ! ಪ್ರಬಂಧಕ್ಕೆ ಸೇರಿಸು. ಯಾರ ಮನೆ ಅಡಿಕೆ ಅಂತಲೂ ಬರಿ."

"ಕೆಂಪು ಅಡಿಕೆ ಚನ್ನಗಿರಿ ಅನ್ನಪೂರ್ಣಮ್ಮಾರದ್ದು ಅಂತ ದಪ್ಪಕ್ಷರದಲ್ಲಿ ಬರೀತೀನಿ ಸರ್," ಎಂದಳು ದುರ್ಗಾಂಬಿಕಾ. "ಈ ಬಿಳೇದು ಯಾರದ್ದು ಅಂತ ಮಾತ್ರ ಹೇಳಾಕೆ ಆಗಲ್ಲ. ಒಬ್ಬರ ಮರ್ಯಾದೆ ಪ್ರಶ್ನೆ."