ಉಲ್ಟಾ ಹಾಕಿದ ರಬ್ಬರು

ರಿಪೇರಿ ಅಂಗಡಿಯವನ ಬಳಿಗೆ ಯಾರೂ ಬಂದು ಕೆಲಸ ಚೆನ್ನಾಗಿ ಮಾಡಿದೆಯಪ್ಪಾ ಎಂದು ಹೇಳುವುದಿಲ್ಲ. ಕೆಟ್ಟಿತೆಂದು ಹೇಳಲು ಮಾತ್ರ ಓಡೋಡಿ ಬರುತ್ತಾರೆ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರು ಮೂರು ತಿಂಗಳಿಗೊಮ್ಮೆ ಸಡಿಲವಾಗಲೇಬೇಕು. ಬಿಸಿಬಿಸಿ ಟೊಮೆಟೊ ಹಾಕಿ ತಿರುಗಿಸಿದಾಗ ಹಬೆ ಮುಚ್ಚಳವನ್ನೆತ್ತಿ ಒಳಗಿದ್ದುದನ್ನೆಲ್ಲ ಗೋಡೆಗೆ ಎರಚಲೇಬೇಕು. ಆಮೇಲೆ ಜನ ಜಾರನ್ನು ಚೀಲಕ್ಕೆ ತುರುಕಿ, ಮುಖ ಗಂಟು ಹಾಕಿಕೊಂಡು ಬೀದಿಗೆ ಇಳಿಯಲೇಬೇಕು. ಹೀಗಿರುವಾಗ ಮೂರನೇ ಮಹಡಿಯ ನರ್ಸಮ್ಮ ಹನ್ನೊಂದು ತಿಂಗಳಾದರೂ ತಲೆ ಹಾಕಲಿಲ್ಲವೆಂದರೆ ಏನರ್ಥ?

ಕಿಡಿಗೆ ತೋಚಿದ ಅರ್ಥ ಒಂದೇ. ಆಯಮ್ಮ ಬೀದಿ ದಾಟಿ ಎದುರಂಗಡಿಗೆ ಹೋಗಿದ್ದಾಳೆ.

ಕಿಡಿ ಎಂಬುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತಾರು ವರ್ಷ, ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಕೋಪ ಸದಾ ಮೂಗಿನ ತುದಿಯಲ್ಲಿ. ಅದೂ ಮನುಷ್ಯರಿಗಿಂತ ಸಾಮಾನುಗಳ ಮೇಲೆ ಹೆಚ್ಚು. ಕೈಗೆ ಬಂದ ಪ್ರತಿ ಜಾರನ್ನೂ ತಿರುಗಿಸಿ ನೋಡಿ, "ಯಾವನು ಇದನ್ನ ಮಾಡಿದ್ದು? ಅವನ ಮನೇಲಿ ಯಾರೂ ಅಡುಗೆ ಮಾಡಲ್ವಾ?" ಎಂದು ಗದರುತ್ತಿದ್ದ. ಬೇರೆಯವರು ಮಾಡಿದ ತಪ್ಪುಗಳನ್ನು ಸರಿ ಮಾಡುತ್ತಲೇ ಹತ್ತು ವರ್ಷ ಕಳೆದಿತ್ತು. ತಪ್ಪು ಮಾಡಿದವನ ಹೆಸರು ಜಾರಿನ ಮೇಲೆ ಉಬ್ಬಕ್ಷರದಲ್ಲಿರುತ್ತದೆ, ಸರಿ ಮಾಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಇದು ಅವನ ಹೊಟ್ಟೆಯೊಳಗೆ ಆರದೆ ಉರಿಯುತ್ತಿದ್ದ ಸಂಗತಿ.

ಎದುರಂಗಡಿ ಮೇಸ್ತ್ರಿಯದು. ಕಿಡಿ ಕೆಲಸ ಕಲಿತದ್ದು ಅಲ್ಲೇ, ಐದು ವರ್ಷ. ಒಂದು ದಿನ ಮಾತಿಗೆ ಮಾತು ಬೆಳೆದು, ಸ್ಕ್ರೂಡ್ರೈವರ್ ಎಸೆದು, ನೇರ ಎದುರಿಗೇ ಅಂಗಡಿ ಹಾಕಿದ. ಮೇಸ್ತ್ರಿ ಸುಮ್ಮನಿರಲಿಲ್ಲ. ವರ್ಷಗಳ ಜಗಳ ಸಾಲದೆಂದು ಹೋದ ವರ್ಷ, "ಅಸಲಿ ಮಿಕ್ಸಿ ರಿಪೇರಿ ಇಲ್ಲೇ. ಎದುರುಗಡೆ ಇರುವುದು ನಮ್ಮ ಬ್ರಾಂಚ್ ಅಲ್ಲ" ಎಂದು ಬೋರ್ಡು ಬರೆಸಿದ.

ಕಿಡಿ ಮೂರು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ನರ್ಸಮ್ಮನ ಬಾಗಿಲು ಬಡಿದ.

"ಏನಮ್ಮಾ, ನನ್ನ ಕೆಲಸದಲ್ಲಿ ಏನು ಕಮ್ಮಿಯಾಯ್ತು ಅಂತ ಆ ಮುದುಕನ ಹತ್ರ ಹೋದ್ರಿ?"

ನರ್ಸಮ್ಮ ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಕೂಗಾಡುವವರನ್ನು ನೋಡಿ ನೋಡಿ ನಿವೃತ್ತಳಾದವಳು. ಕನ್ನಡಕವನ್ನು ಹಣೆಗೇರಿಸಿ ಇವನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದ್ಲು ಉಸಿರು ತಗೋ. ಯಾವ ಮುದುಕ? ಜಾರು ಕೆಟ್ಟೇ ಇಲ್ವಲ್ಲೋ, ಯಾರ ಹತ್ರ ಯಾಕೆ ಹೋಗ್ಲಿ?"

"ಕೆಟ್ಟಿಲ್ವಾ?"

"ಒಂದು ಹನಿ ಆಚೆ ಬಂದಿಲ್ಲ. ಆದ್ರೆ ಒಂದು ದೂರು ಇದೆ. ಮುಚ್ಚಳ ಹಾಕ್ಬೇಕಾದ್ರೆ ಕುಸ್ತಿ, ತೆಗೀಬೇಕಾದ್ರೆ ಯುದ್ಧ. ಚಮಚ ಹಾಕಿ ಮೀಟಬೇಕು."

ಅವಳು ಜಾರು ತಂದು ಕೈಗಿತ್ತಳು. ಕಿಡಿ ಮುಚ್ಚಳ ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಮುಚ್ಚಳದ ರಬ್ಬರಿಗೆ ಸುತ್ತಲೂ ತೆಳ್ಳನೆಯ ತುಟಿ ಇರುತ್ತದೆ. ಆ ತುಟಿ ಮೇಲ್ಮುಖವಾಗಿರಬೇಕು. ಮುಚ್ಚಳ ಸಲೀಸಾಗಿ ಕೂರುವುದು ಹಾಗೆಯೇ, ಜಗತ್ತಿನ ರಿಪೇರಿಯವರೆಲ್ಲ ಹಾಕುವುದೂ ಹಾಗೆಯೇ. ಇಲ್ಲಿ ತುಟಿ ಕೆಳಮುಖವಾಗಿತ್ತು. ಯಾವ ದಿನ ಹಾಕಿದ್ದೆಂದು ತಟ್ಟನೆ ನೆನಪಾಯಿತು. ಎದುರಿಗೆ ಆ ಬೋರ್ಡು ಏರಿದ ದಿನ. ಬಾಗಿಲಲ್ಲಿ ನಿಂತು ಮೇಸ್ತ್ರಿಯನ್ನು ಬೈಯುತ್ತಾ, ಕಣ್ಣು ಅತ್ತ, ಕೈ ಇತ್ತ ಇಟ್ಟುಕೊಂಡು ಹಾಕಿದ ರಬ್ಬರು.

ಮೊದಲ ದಿನ ಕೆಲಸಕ್ಕೆ ಬಂದವನೂ ಮಾಡದ ತಪ್ಪು. ಆದರೆ ಒಂದು ಹನಿ ಆಚೆ ಬಂದಿಲ್ಲ.

"ಏನೋ, ತಪ್ಪಾಗಿ ಹಾಕಿದ್ಯಾ?" ಎಂದಳು ನರ್ಸಮ್ಮ.

"ತಪ್ಪಾ?" ಕಿಡಿ ಎದೆ ಸೆಟೆಸಿದ. "ಬೇಕಂತಲೇ ಹಾಕಿದ್ದು. ಹೊಸ ಡಿಸೈನು. ನಿಮ್ಮನೇಲಿ ಪರೀಕ್ಷೆಗೆ ಅಂತ ಬಿಟ್ಟಿದ್ದೆ."

ಸುಳ್ಳು ಹುಟ್ಟಿದ್ದು ಹೀಗೆ.

ಮೆಟ್ಟಿಲಿಳಿಯುವಾಗಲೇ ಅವನಿಗೆ ಗುಟ್ಟು ಹೊಳೆದಿತ್ತು. ತುಟಿ ಕೆಳಗಿದ್ದರೆ ಹಬೆ ಅದನ್ನು ಜಾರಿನ ಒಳಗೋಡೆಗೆ ಒತ್ತುತ್ತದೆ. ಹಬೆ ಹೆಚ್ಚಿದಷ್ಟೂ ಮುಚ್ಚಳದ ಹಿಡಿತ ಬಿಗಿ. ಶತ್ರುವನ್ನೇ ಕಾವಲಿಗಿಟ್ಟಂತೆ. ಉಳಿದದ್ದು ಒಂದೇ ಗಂಟು, ಮುಚ್ಚಳ ತೆಗೆಯುವುದು ಹೇಗೆ? ಆ ಗಂಟು ಬಿಚ್ಚಲು ಆರು ತಿಂಗಳು ಹಿಡಿಯಿತು. ಅಕ್ಕನ ಅಡುಗೆಮನೆಯಲ್ಲಿ ಟೊಮೆಟೊ ಕುದಿಯಿತು, ಅಕ್ಕ ಕುದಿದಳು, ಭಾವ ದಿನವೂ ಕೆಂಪು ನೀರನ್ನೇ ಕುಡಿದು ಕುಡಿದು ಊಟದ ಸಮಯಕ್ಕೆ ಹೊರಗೆ ಕೆಲಸ ಹುಡುಕಿಕೊಂಡ. ಹದಿನೇಳನೇ ಮುಚ್ಚಳಕ್ಕೆ ಕಿಡಿ ತುಟಿಯ ಒಂದು ಕಡೆ ಉಗುರಗಲದ ನಾಲಿಗೆ ಕತ್ತರಿಸಿ, ಅದನ್ನು ಮುಚ್ಚಳದ ಮೇಲಿನ ಒಂದು ಗುಂಡಿಗೆ ಜೋಡಿಸಿದ. ಹೆಬ್ಬೆರಳಿಂದ ಒತ್ತಿದರೆ ನಾಲಿಗೆ ಮೇಲೇಳುತ್ತದೆ, ಗಾಳಿ ಒಳಗೆ ಹೋಗುತ್ತದೆ, ಮುಚ್ಚಳ ತಾನೇ ಬಿಟ್ಟುಕೊಡುತ್ತದೆ. ಹಾಕುವಾಗಲೂ ಅಷ್ಟೇ.

ಅಕ್ಕ ಒತ್ತಿ ನೋಡಿದಳು. ತೆಗೆದಳು, ಹಾಕಿದಳು, ಮತ್ತೆ ತೆಗೆದಳು. "ಇದನ್ನ ಯಾರಿಗೂ ತೋರಿಸ್ಬೇಡ," ಎಂದಳು. "ನಮ್ಮ ಜೆರಾಕ್ಸ್ ಅಂಗಡಿಗೆ ಒಬ್ಬರು ಲಾಯರ್ ಮೇಡಂ ಬರ್ತಾರೆ, ಪೇಟೆಂಟ್ ಮಾಡಿಸೋರು. ಅವರ ಕಾಗದ ಓದಿ ಓದಿ ನಂಗೂ ಅರ್ಧ ಗೊತ್ತಾಗಿದೆ. ಮೊದ್ಲು ಅರ್ಜಿ, ಆಮೇಲೆ ಬಾಯಿ."

ಸಾರಿನಲ್ಲಿ ಉಪ್ಪು ಕಡಿಮೆಯಾದರೂ ಇಡೀ ಬೀದಿಗೆ ಸಾರುವ ಕಿಡಿ ಎರಡು ವಾರ ಬಾಯಿಗೆ ಬೀಗ ಹಾಕಿಕೊಂಡು ತಿರುಗಿದ. ಹುಷಾರಿಲ್ಲವೇನೋ ಎಂದು ಜನ ವಿಚಾರಿಸಿದರು.

ಲಾಯರ್ ಮೇಡಂ ಸಣ್ಣ ಕೋಣೆಯಲ್ಲಿ ಫೈಲುಗಳ ಗೋಡೆಯ ಹಿಂದೆ ಕೂತಿದ್ದಳು. ಮುಚ್ಚಳವನ್ನು ಹತ್ತು ಸಲ ಒತ್ತಿ ನೋಡಿದಳು. "ಚೆನ್ನಾಗಿದೆ. ತುಟಿ ಕೆಳಗಿಡಬೇಕು ಅಂತ ಹೇಗೆ ಹೊಳೀತು ನಿಮಗೆ?"

"ಯೋಚನೆ ಮಾಡಿ ಮೇಡಂ. ಲೆಕ್ಕಾಚಾರ ಹಾಕಿ."

ಅಕ್ಕ ಸೂರಿನ ಕಡೆ ನೋಡಿದಳು.

ಅರ್ಜಿ ಹೋಯಿತು. ಅದರಲ್ಲಿ "ಆವಿಷ್ಕಾರಕ" ಎಂಬ ಪದದ ಮುಂದೆ ಕಿಡಿಯ ಪೂರ್ತಿ ಹೆಸರಿತ್ತು. ಅದನ್ನವನು ಮನೆಗೆ ಬಂದ ಮೇಲೂ ನಾಲ್ಕು ಸಲ ಓದಿದ. ತಿಂಗಳುಗಳು ಕಳೆದವು. ಆಮೇಲೆ ಒಂದು ದಿನ ಪೇಟೆಂಟ್ ಆಫೀಸಿನಿಂದ ಕಾಗದ ಬಂತು. ಅಕ್ಕ ಓದಿದಳು. ಪಂಪುಗಳ ರಬ್ಬರಿನಲ್ಲಿ ತುಟಿ ಒತ್ತಡದ ಕಡೆಗೇ ಇರುತ್ತದೆ, ಆದ್ದರಿಂದ ಮುಚ್ಚಳದಲ್ಲಿ ಹಾಗೆ ಹಾಕುವುದು ಈ ಕಸುಬಿನಲ್ಲಿ ನುರಿತ ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದು. ಅರ್ಜಿಯನ್ನು ಯಾಕೆ ತಿರಸ್ಕರಿಸಬಾರದು ಎಂಬುದಕ್ಕೆ ಖುದ್ದಾಗಿ ಬಂದು ಉತ್ತರ ಹೇಳಬೇಕು.

"ಯಾರಿಗಾದ್ರೂ?" ಕಿಡಿಯ ಕಿವಿ ಕೆಂಪಾಯಿತು. "ಯಾರಿಗಾದ್ರೂ ಅಂದ್ರೆ ಯಾರಿಗಂತೆ? ಬರ್ಲಿ ಆ ಆಫೀಸರು, ಒಂದು ದಿನ ನನ್ನ ಸ್ಟೂಲ್ ಮೇಲೆ ಕೂತ್ಕೊಳ್ಳಲಿ!"

"ಅಲ್ಲಿ ಹೋಗಿ ಹೀಗೆ ಕಿರುಚಿದ್ರೆ ಇದ್ದ ಹೆಸರೂ ಹೋಗುತ್ತೆ," ಎಂದಳು ಅಕ್ಕ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಸಣಕಲು ಆಫೀಸರು. ಕಣ್ಣಿಗೊಂದು ಕನ್ನಡಕ, ತಲೆಯ ಮೇಲೊಂದು ಕನ್ನಡಕ. ಕಿಡಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲಾಯರ್ ಮೇಡಂ ಹೇಳಿಕೊಟ್ಟಂತೆ ಕೈ ಕಟ್ಟಿ ಕೂತಿದ್ದ. ಮೇಡಂ ಅರ್ಧ ಗಂಟೆ ಮಾತಾಡಿದಳು. ಆಫೀಸರು ತಲೆಯಾಡಿಸುತ್ತಲೇ ಇದ್ದ, ಒಪ್ಪುತ್ತಿರಲಿಲ್ಲ.

"ನೋಡಿ," ಎಂದ ಅವನು ಕೊನೆಗೆ, ಮೆತ್ತಗೆ. "ನಿಮ್ಮ ಕಕ್ಷಿದಾರರು ನುರಿತವರು. ಲೆಕ್ಕ ಹಾಕಿದರು, ಹೊಳೀತು ಅಂತ ನೀವೇ ಬರೆದಿದ್ದೀರಿ. ಅಂದ್ರೆ ನುರಿತ ಯಾರೇ ಕೂತು ಲೆಕ್ಕ ಹಾಕಿದ್ರೂ ಹೊಳೀತಿತ್ತು ಅಂತಲೇ ಆಯ್ತಲ್ಲ?"

ಕಟ್ಟಿದ ಕೈ ಬಿಚ್ಚಿತು.

"ಎಲ್ಲಿ ಹೊಳೀತು ಸ್ವಾಮಿ? ನಂಗೇ ಹೊಳೆದಿರಲಿಲ್ಲ!" ಕಿಡಿ ಎದ್ದೇ ನಿಂತ. "ಹತ್ತು ವರ್ಷದಿಂದ ಇದೇ ರಬ್ಬರು ಹಾಕ್ತಾ ಇದ್ದೀನಿ, ಕಣ್ಣು ಮುಚ್ಚಿಕೊಂಡು ಹಾಕ್ತೀನಿ, ಒಂದು ದಿನವಾದ್ರೂ ಹೊಳೀಲಿಲ್ಲ. ಬಾಗಿಲಲ್ಲಿ ನಿಂತು ಜಗಳ ಆಡ್ತಾ ಇದ್ದೆ, ಕೈ ತಪ್ಪಿ ಉಲ್ಟಾ ಹಾಕ್ಬಿಟ್ಟೆ! ಅವತ್ತೇ ನೋಡಿದ್ರೆ ನಾಚಿಕೆಯಿಂದ ಕಿತ್ತು ಸರಿಯಾಗಿ ಹಾಕ್ತಿದ್ದೆ. ಕೆಲಸ ಬಲ್ಲವನು ಯಾವನೂ ಇದನ್ನ ಮಾಡಲ್ಲ. ಮಾಡಿದ್ರೆ ಮರ್ಯಾದೆ ಹೋಗುತ್ತೆ!"

ಮೇಡಂ ಪೆನ್ನು ಕೆಳಗಿಟ್ಟಳು. ಕಿಡಿಗೆ ತಾನು ಏನು ಹೇಳಿದೆನೆಂಬುದು ಆಗ ತಿಳಿಯಿತು. ಮೆಲ್ಲಗೆ ಕೂತ. ಎಲ್ಲ ಮುಗಿಯಿತು ಎಂದುಕೊಂಡ.

ಆಫೀಸರು ಕಣ್ಣಿನ ಕನ್ನಡಕ ತೆಗೆದಿಟ್ಟು, ತಲೆಯ ಮೇಲಿನದನ್ನು ಇಳಿಸಿಕೊಂಡ. "ಇದನ್ನ ಅರ್ಜಿಯಲ್ಲಿ ಯಾಕೆ ಹೇಳಲಿಲ್ಲ?"

"ಮರ್ಯಾದೆ," ಎಂದ ಕಿಡಿ.

"ತಪ್ಪಿನಿಂದ ಸಿಕ್ಕಿದ್ದಕ್ಕೆ ಪೇಟೆಂಟ್ ಇಲ್ಲ ಅಂತ ಯಾರು ಹೇಳಿದ್ರು? ನೀವು ಹೇಳ್ತಿರೋದು ನಿಜವಾದ್ರೆ, ನುರಿತವರು ಇದರಿಂದ ದೂರ ಓಡ್ತಾರೆ ಅಂತಾಯ್ತು. ಆದ್ರೆ ನಿಮ್ಮ ಮಾತೊಂದೇ ಸಾಲದು. ಈ ಕಸುಬಿನಲ್ಲಿ ಪಳಗಿದ, ನಿಮ್ಮ ಕಡೆಯವರಲ್ಲದ ಒಬ್ಬರಿಂದ ಹೇಳಿಕೆ ತನ್ನಿ. ಒಂದು ವಾರ ಕೊಡ್ತೀನಿ."

ಹೊರಗೆ ಬಂದ ಮೇಲೆ ಮೇಡಂ ಕೇಳಿದಳು. "ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?" ಕಿಡಿ ನರ್ಸಮ್ಮನ ಜಾರಿನ ಕತೆ ಹೇಳಿದ. ಅರ್ಜಿಗೆ ಮೊದಲೇ ಜನರ ಕೈಗೆ ಹೋಗಿದ್ದರೆ ತೊಡಕಾದೀತೆಂದು ಮೇಡಂ ಒಂದೊಂದೇ ವಿವರ ಕೇಳಿ, ಹೇಳಿದಳು. "ಅದು ಅವರ ಅಡುಗೆಮನೆ ಒಳಗೇ ಇತ್ತು, ನಾಲಿಗೆ, ಗುಂಡಿ ಯಾವುದೂ ಇರಲಿಲ್ಲ. ಅದನ್ನೂ ಬರೆದುಕೊಡೋಣ. ಇನ್ಮೇಲೆ ನನ್ನ ಹತ್ರ ಲೆಕ್ಕಾಚಾರ ಬೇಡ. ಈಗ ಹೇಳಿ, ನಿಮ್ಮ ಕಡೆಯವರಲ್ಲದ ನುರಿತವರು ಯಾರಿದ್ದಾರೆ?"

ಕಿಡಿಗೆ ಗೊತ್ತಿದ್ದವರು ಒಬ್ಬರೇ.

ಆರು ವರ್ಷದಿಂದ ದಾಟದ ಬೀದಿಯನ್ನು ಅವನು ಮರುದಿನ ಬೆಳಿಗ್ಗೆ ದಾಟಿದ. ಹತ್ತು ಹೆಜ್ಜೆ ಅಗಲದ ಬೀದಿ, ಕಾಲು ಮಣಭಾರ. ಮೇಸ್ತ್ರಿ ಮೋಟಾರೊಂದರ ಹೊಟ್ಟೆ ಬಗೆದು ಕೂತಿದ್ದ. ತಲೆಯೆತ್ತಲಿಲ್ಲ.

"ಬ್ರಾಂಚ್‌ನವರು ಬಂದ್ರಾ?"

ಕಿಡಿ ಹಲ್ಲು ಕಡಿದು ಕೋಪ ನುಂಗಿಕೊಂಡ. "ಮೇಸ್ತ್ರಿ, ಒಂದು ಮಾತು ಕೇಳಬೇಕಿತ್ತು. ಮುಚ್ಚಳದ ರಬ್ಬರನ್ನ ತುಟಿ ಕೆಳಗೆ ಮಾಡಿ ಯಾರಾದ್ರೂ ಹಾಕಿದ್ರೆ ಏನಂತೀರಿ?"

"ತುಟಿ ಕೆಳಗೆ?" ಈಗ ಮೇಸ್ತ್ರಿ ತಲೆಯೆತ್ತಿದ. "ಕತ್ತೆ ಅಂತೀನಿ."

"ಅದನ್ನ ಬರೆದುಕೊಡ್ತೀರಾ?"

ಮೇಸ್ತ್ರಿಯ ಕೈಯಿಂದ ಇಕ್ಕಳ ಜಾರಿತು. ಕಿಡಿ ಒಂದನ್ನೂ ಬಿಡದೆ ಎಲ್ಲ ಹೇಳಿದ. ಜಗಳ, ಬೋರ್ಡು, ಉಲ್ಟಾ ರಬ್ಬರು, ಹದಿನೇಳು ಮುಚ್ಚಳ, ಎರಡು ಕನ್ನಡಕದ ಆಫೀಸರು. ಮೇಸ್ತ್ರಿಯ ಮುಖ ನಿಧಾನವಾಗಿ ಅರಳುತ್ತಾ ಹೋಯಿತು.

"ಅಂದ್ರೆ ನೀನು ಕೆಲಸ ಬಾರದ ಕತ್ತೆ ಅಂತ ನಾನು ಸರ್ಕಾರಕ್ಕೆ ಬರೆದುಕೊಡಬೇಕು. ಅದನ್ನ ಕೇಳೋಕೆ ನೀನೇ ಬಂದಿದ್ದೀಯ."

"ಹೂಂ."

"ಕೂತ್ಕೋ, ಕೂತ್ಕೋ. ಟೀ ಕುಡೀತೀಯಾ? ಲೇ, ಇಂಥ ಕೆಲಸಕ್ಕೆ ಆರು ವರ್ಷ ಕಾದಿದ್ದೀನಿ ಕಣೋ!"

ಮೇಸ್ತ್ರಿ ಹೇಳಿದ್ದನ್ನು ಅಕ್ಕ ತನ್ನ ಅಂಗಡಿಯಲ್ಲಿ ಟೈಪು ಮಾಡಿದಳು. "ನಾನು ಮೂವತ್ನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ತುಟಿಯನ್ನು ಕೆಳಗೆ ಮಾಡಿ ಹಾಕಿದವರನ್ನು ಇದುವರೆಗೆ ಕಂಡಿಲ್ಲ. ನನ್ನ ಅಂಗಡಿಯಲ್ಲಿ ಯಾರಾದರೂ ಹಾಗೆ ಹಾಕಿದ್ದರೆ ಕಿವಿ ಹಿಂಡಿ ಹೊರಗೆ ಕಳಿಸುತ್ತಿದ್ದೆ. ಅರ್ಜಿದಾರನಿಗೆ ಸರಿಯಾದ ಕ್ರಮವನ್ನು ನಾನೇ ಕಲಿಸಿದ್ದೇನೆ. ಕಲಿತೂ ಹೀಗೆ ಹಾಕುವವನು ಕತ್ತೆ."

ಮೇಡಂ ಓದಿ, ಬಾಯಿಗೆ ಕೈ ಅಡ್ಡ ಹಿಡಿದು, "ಕೊನೆಯ ಪದ ಸ್ವಲ್ಪ ಮೆತ್ತಗೆ ಮಾಡೋಣವಾ?" ಎಂದಳು.

ಮೇಸ್ತ್ರಿ ಕೈ ಕಟ್ಟಿದ. "ಆ ಪದ ಇಲ್ದಿದ್ರೆ ಸಹಿ ಇಲ್ಲ."

ಎಲ್ಲರೂ ಕಿಡಿಯ ಕಡೆ ನೋಡಿದರು. ಆ ಹಾಳೆ ಅವನ ಹೆಸರಿರುವ ಫೈಲಿನಲ್ಲೇ, ಅವನು ಸತ್ತ ಮೇಲೂ ಇರುತ್ತದೆ. ಅವನಿಗೆ ಮೈಯೆಲ್ಲ ಉರಿಯಬೇಕಿತ್ತು. ಯಾಕೋ ಉರಿಯಲಿಲ್ಲ. ಹೊಟ್ಟೆಯ ಆಳದಿಂದ ಏನೋ ಗುಳುಗುಳು ಎಂದು ಮೇಲೆ ಬಂತು. ನಗು. ಆಫೀಸಿನಲ್ಲಿ ಸತ್ಯ ಬಾಯಿ ತಪ್ಪಿ ಬಂದ ದಿನದಿಂದ ಅವನ ಮೈ ಹಗುರವಾಗಿಯೇ ಇತ್ತು.

"ಇರ್ಲಿ ಬಿಡಿ ಮೇಡಂ," ಎಂದ. "ಅದೇ ಅಲ್ವಾ ಸಾಕ್ಷಿ."

ಆದೇಶ ಬಂದದ್ದು ಎರಡು ತಿಂಗಳಿಗೆ. ಅಕ್ಕ ಅಂಗಡಿಯ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದಿದಳು. ವೃತ್ತಿಯ ಹಿರಿಯ ಪರಿಣತರ ಹೇಳಿಕೆಯನ್ನು, ವಿಶೇಷವಾಗಿ ಅದರ ಕೊನೆಯ ವಾಕ್ಯವನ್ನು, ಗಮನಿಸಲಾಗಿದೆ. ಈ ಆವಿಷ್ಕಾರ ನುರಿತವರಿಗೆ ಸಹಜವಾಗಿ ಹೊಳೆಯುವಂಥದ್ದಲ್ಲ. ಪೇಟೆಂಟ್ ಮಂಜೂರು ಮಾಡಲಾಗಿದೆ. ಭಾವ ಚಪ್ಪಾಳೆ ತಟ್ಟಿದ, ನರ್ಸಮ್ಮ ಮೂರನೇ ಮಹಡಿಯಿಂದಲೇ "ನಮ್ಮನೇಲೇ ಪರೀಕ್ಷೆ ಆಗಿದ್ದು!" ಎಂದು ಕೂಗಿದಳು.

ಗದ್ದಲ ಇಳಿದ ಮೇಲೆ ಮೇಸ್ತ್ರಿ ಬೀದಿ ದಾಟಿ ಬಂದ. ಕಂಕುಳಲ್ಲೊಂದು ಜಾರು. ಕೇಳದೆಯೇ ಕಿಡಿಯ ಸ್ಟೂಲ್ ಎಳೆದು ಕೂತ.

"ತೋರ್ಸು."

ಕಿಡಿ ತೋರಿಸಿದ. ಮೇಸ್ತ್ರಿ ಗುಂಡಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. "ಥೂ, ಇಷ್ಟೇನಾ? ಇಷ್ಟು ಸುಲಭನಾ?"

"ಹಾಗನ್ನಬೇಡಿ ಮೇಸ್ತ್ರಿ. ಆಫೀಸರ ಕಿವಿಗೆ ಬಿದ್ರೆ ಮತ್ತೆ ಕಾಗದ ಬರುತ್ತೆ."

ಮೇಸ್ತ್ರಿ ನಕ್ಕು, ಹೊಸ ರಬ್ಬರನ್ನು ಕೈಗೆತ್ತಿಕೊಂಡು ಮುಚ್ಚಳಕ್ಕೆ ಕೂರಿಸಿದ. ಮೂವತ್ನಾಲ್ಕು ವರ್ಷದ ಕೈ ತುಟಿಯನ್ನು ತಾನೇ ಮೇಲಕ್ಕೆ ಮಾಡಿತು. ಕಿಡಿ ಕಿತ್ತು ಮತ್ತೆ ಕೊಟ್ಟ. ಈ ಸಲವೂ ತುಟಿ ಮೇಲೆಯೇ. "ಕೈ ಕೇಳಲ್ಲ ಕಣೋ," ಎಂದ ಮೇಸ್ತ್ರಿ, ಬೆವರು ಒರೆಸಿಕೊಳ್ಳುತ್ತಾ.

ಬೇರೆ ದಿನವಾಗಿದ್ದರೆ ಕಿಡಿ ಮುಚ್ಚಳ ಕಿತ್ತುಕೊಂಡು ತಾನೇ ಹಾಕುತ್ತಿದ್ದ. ಇವತ್ತು ಇನ್ನೊಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ.

"ಅವಸರ ಏನಿದೆ ಮೇಸ್ತ್ರಿ," ಎಂದ. "ಇನ್ನೊಂದ್ಸಲ ಹಾಕಿ."