ಮಸ್ಕತ್ತಿನ ಲೋಳೆ

ನನ್ನ ನಾದಿನಿ ಕುಶಲಳ ಮನೆಯಲ್ಲಿ ಸಾಬೂನು ಬರೀ ಸಾಬೂನಲ್ಲ, ಮಸ್ಕತ್ತಿನ ಸಾಬೂನು. ಗಂಡ ಅಲ್ಲಿಂದ ಕಳಿಸಿದ ಖಾಲಿ ಡಬ್ಬಿಗಳನ್ನೂ ನೆರೂಳಿನ ಫ್ಲ್ಯಾಟಿನ ಶೋಕೇಸಿನಲ್ಲಿ ಜೋಡಿಸಿಟ್ಟು ಒರೆಸುವ ಪ್ರಾಣಿ ಅದು. ಈ ಸಲ ಮಗ ಕಿಟ್ಟುವಿಗೆ ಬಂದದ್ದು ಒಂದು ಡಬ್ಬಿ ಹಸಿರು ಲೋಳೆ, ಮಕ್ಕಳು ಹಿಸುಕಿ ಎಳೆದು ಆಡುವಂಥದ್ದು. ನೆಗಡಿಯಾದರೆ ಪುಕ್ಕಟೆ ಸಿಗುವ ವಸ್ತು, ಇವರು ಅದನ್ನು ವಿಮಾನದಲ್ಲಿ ತರಿಸುತ್ತಾರೆ!

ಕಿಟ್ಟು ಒಳ್ಳೆಯ ಹುಡುಗ. ನನ್ನ ಮಗಳು ಅಪ್ಪಿಗೆ ಆಡಲು ಕೊಟ್ಟು ಕಳಿಸಿದ. ಅವಳು ಡೊಂಬಿವಲಿಯ ನಮ್ಮ ಚಾಳಿನ ಗ್ಯಾಲರಿಯಲ್ಲಿ ನಿಂತು ಎಳೆದಾಡುವಾಗ ಲೋಳೆ ಜಾರಿ ಗಟಾರಕ್ಕೆ ಬಿತ್ತು. ಡಬ್ಬಿ ಮಾತ್ರ ಉಳಿಯಿತು. ಭಾನುವಾರ ಕುಶಲ ಬರುವವಳಿದ್ದಳು. ಹಿಂದೊಮ್ಮೆ ಫಾರಿನ್ ಪೆನ್ನು ಕಾಣಲಿಲ್ಲವೆಂದು ನೆಂಟರೆದುರು ನನ್ನ ಮಗಳ ಫ್ರಾಕಿನ ಜೇಬು ತಡಕಿದ್ದಳು. ಪೆನ್ನು ಅವಳ ಸೋಫಾದಡಿಯಲ್ಲೇ ಸಿಕ್ಕಿತು, ತಪ್ಪಾಯಿತೆಂಬ ಮಾತು ಆ ಬಾಯಿಂದ ಬರಲಿಲ್ಲ.

“ಈ ಸಲ ನನ್ನನ್ನು ಕಳ್ಳಿ ಅಂತಾರೆ ಅಮ್ಮ” ಎಂದು ಅಪ್ಪಿ ಊಟ ಬಿಟ್ಟಳು.

“ಅದಕ್ಕೆಂತ ಅಳುವುದು? ನಾನು ಮಾಡಿ ಕೊಡ್ತೇನೆ” ಎಂದರು ನಮ್ಮವರು, ವಿಷ್ಣುಮೂರ್ತಿ. ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಲೋಕದ ವಿದ್ಯೆಯೆಲ್ಲ ತಲೆಗೇರಿದ ಮಹಾನುಭಾವರು. ಬಡಗಿಗಳ ಬಿಳಿ ಗೋಂದಿಗೆ ಮಿಠಾಯಿಯ ಹಸಿರು ಬಣ್ಣ ಕಲಸಿದರು. ಅಂಟಿತು. ಪರೋಟದ ಹಿಟ್ಟೆಂದುಕೊಂಡು ಮೈದಾ ಉದುರಿಸಿದರು. ಇನ್ನೂ ಅಂಟಿತು. ಎಣ್ಣೆ ಸುರಿದರು. ಕೊನೆಗೆ ಅವರ ಕೈರೋಮ ಕಿತ್ತು ಬಿಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಅದನ್ನು ಕೆರೆದೆಸೆದು, ಉಳಿದ ಗೋಂದಿಗೆ ಬಣ್ಣ ಹಾಕಿ ಅಪ್ಪಿಯೇ ಕೂತಳು. ಅಂಟದಿರಲೆಂದು ಅಪ್ಪ ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪೌಡರನ್ನು ಧಾರಾಳವಾಗಿ ಸುರಿದು ಕಲಸಿದಳು. ಆಗಲೂ ಅಂಟು ಬಿಡಲಿಲ್ಲ. ಸಿಟ್ಟು ಬಂದು, ಮುದ್ದೆ ಸಮೇತ ಎರಡೂ ಕೈಗಳನ್ನು ನಾನು ಸೋಡಾ ಹಾಕಿ ಕಡಲೆ ನೆನೆಸಿಟ್ಟ ನೀರಿನಲ್ಲಿ ಅದ್ದಿಬಿಟ್ಟಳು.

“ಅಯ್ಯೋ, ನನ್ನ ಕಡಲೆ!”

ಅಪ್ಪಿ ಮುದ್ದೆಯನ್ನು ಎತ್ತಿ ಹಿಸುಕಿದಳು. ಬೆರಳಿಗೆ ಹತ್ತಲಿಲ್ಲ. ಎಳೆದಷ್ಟೂ ಬಂತು.

“ಸೋಡಾ ಬೇಕು ಅಂತ ನನಗೆ ಮೊದಲೇ ಗೊತ್ತಿತ್ತು” ಎಂದರು ನಮ್ಮವರು. ಗೊತ್ತಿತ್ತಂತೆ! ನಾನು ಕಡಲೆ ಚೆಲ್ಲಿದೆ.

ಭಾನುವಾರ ಕುಶಲ ಬಂದವಳೇ ಚಪ್ಪಲಿ ಬಿಡುವ ಮೊದಲು ಡಬ್ಬಿ ಕೇಳಿದಳು. ಮುಚ್ಚಳ ತೆಗೆದಳು, ಎಳೆದಳು, ಮೂಸಿಯೂ ನೋಡಿದಳು. ಅಪ್ಪಿ ನನ್ನ ಸೆರಗು ಹಿಡಿದು ನಿಂತಿದ್ದಳು.

“ನೋಡಿ ಅತ್ತಿಗೆ, ಫಾರಿನ್ ಅಂದ್ರೆ ಫಾರಿನ್. ಹೊಸದರ ಹಾಗೇ ಉಂಟು. ನಮ್ಮ ಇಂಡಿಯಾದಲ್ಲಿ ಇಂಥದ್ದು ಮಾಡ್ಲಿಕ್ಕೆ ಯಾರಿಗೆ ಬರ್ತದೆ?”

ಅಪ್ಪಿಗೆ ಹೋದ ಜೀವ ಬಂತು. ನಗುತ್ತ ಕೈಚಾಚಿದಳು.

“ಮುಟ್ಬೇಡ ಮಾರಾಯ್ತಿ, ನಿನ್ನ ಕೈ ಬೆವರಿಗೆ ಹಾಳಾಗ್ತದೆ. ಕಿಟ್ಟು, ನೀನೂ ಮುಟ್ಬೇಡ. ಇದಿನ್ನು ಶೋಕೇಸಿನಲ್ಲಿ ಇರ್ಲಿ.”

ನನ್ನ ನಾಲಗೆಯ ತುದಿಗೆ ಎಲ್ಲ ಬಂದಿತ್ತು. ಅಪ್ಪಿ ಸೆರಗು ಜಗ್ಗಿದಳು, ನುಂಗಿಕೊಂಡೆ.

ಹೊರಡುವಾಗ ಕಿಟ್ಟು ಮೆಟ್ಟಿಲ ಬಳಿ ಹಿಂದುಳಿದ. ಅಪ್ಪಿಯ ಹಸಿರು ಹತ್ತಿದ ಉಗುರುಗಳನ್ನು ನೋಡಿ, ಅಮ್ಮ ಇಳಿದಳೆಂದು ಖಾತ್ರಿ ಮಾಡಿಕೊಂಡು, ಪಿಸುಗುಟ್ಟಿದ: “ಮೇರೇ ಲಿಯೇ ಭೀ ಏಕ್ ಬನಾ ದೇಗೀ?” ತನಗೂ ಒಂದು ಮಾಡಿ ಕೊಡ್ತೀಯಾ ಅಂತ.

ನಾನು ಒಳಗೆ ಹೋಗಿ ಮತ್ತೆ ಕಡಲೆ ನೆನೆಹಾಕಿದೆ.